ರಿಮಾಂಡ್ ಆದ ಮೇಲೆ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲುತ್ತದೆಯೇ?

ಸಿದ್ದಾಪುರದ ಕಡೆಯ ತೋಟವೊಂದರ ಕಣದಿಂದ ಕಾಫಿ ಮೂಟೆಗಳು ಕಳುವಾದ ಪ್ರಕರಣದಲ್ಲಿ ನಿಮ್ಮ ತಮ್ಮನನ್ನು ಬಂಧಿಸಿ ಇಪ್ಪತ್ತೆರಡು ದಿನಗಳಾಗಿವೆ, ಅವರು ಮಡಿಕೇರಿಯ ಜಿಲ್ಲಾ ಕಾರಾಗೃಹದಲ್ಲಿದ್ದಾರೆ, ದೋಷಾರೋಪ ಪಟ್ಟಿ ಇನ್ನೂ ಸಲ್ಲಿಕೆಯಾಗಿಲ್ಲ, ಬೆಂಗಳೂರಿನ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದರೆ ಬಿಡುಗಡೆಯಾಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ಮಡಿಕೇರಿ ಮತ್ತು ವಿರಾಜಪೇಟೆಯ ನ್ಯಾಯಾಲಯಗಳಲ್ಲಿ ವಕೀಲಿ ಮಾಡುವವನಾಗಿ ಹೇಳುತ್ತೇನೆ: ನೀವು ಬರೆದಿರುವಷ್ಟೇ ಸಂಗತಿಗಳಿದ್ದರೆ ಆ ಅರ್ಜಿ ನಿಲ್ಲುವುದಿಲ್ಲ.

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಹೊರಡಿಸುವ ಹೇಬಿಯಸ್ ಕಾರ್ಪಸ್ ಎಂಬ ಈ ರಿಟ್ (ಆಜ್ಞೆ), ವ್ಯಕ್ತಿಯನ್ನು ಹಿಡಿದಿಟ್ಟವರಿಗೆ ಒಂದೇ ಪ್ರಶ್ನೆ ಕೇಳುತ್ತದೆ: ಇವನನ್ನು ಯಾವ ಅಧಿಕಾರದಿಂದ ಇಟ್ಟುಕೊಂಡಿದ್ದೀರಿ? ಕಳವು ಮಾಡಿದವರು ಯಾರು, ಸಾಕ್ಷ್ಯ ಗಟ್ಟಿಯೋ ಪೊಳ್ಳೋ, ದೂರು ಕೊಟ್ಟವರಿಗೆ ಹಳೆಯ ದ್ವೇಷವಿತ್ತೇ ಎಂಬುದೆಲ್ಲ ಅದರ ವ್ಯಾಪ್ತಿಯಲ್ಲಿಲ್ಲ. ಮ್ಯಾಜಿಸ್ಟ್ರೇಟರ ರಿಮಾಂಡ್ ಆದೇಶವನ್ನು, ಅಂದರೆ ಆರೋಪಿಯನ್ನು ಬಂಧನದಲ್ಲೇ ಇಡಲು ಅವರು ಮಾಡಿದ ಆದೇಶವನ್ನು, ಜೈಲಿನವರು ಮುಂದಿಟ್ಟ ಕೂಡಲೇ ಆ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ. ಮನುಭಾಯಿ ರತಿಲಾಲ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದು ಇದನ್ನೇ. ರಿಮಾಂಡ್ ಮಾಡುವುದು ನ್ಯಾಯಾಂಗದ ಕೆಲಸ, ಅಂಥ ಆದೇಶದ ಮೇಲೆ ಬಂಧನದಲ್ಲಿರುವವರಿಗೆ ಸಾಮಾನ್ಯವಾಗಿ ಈ ರಿಟ್ ದೊರೆಯುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಹೈಕೋರ್ಟ್ ನೋಡುವುದು ಬಂಧಿಸಿದ ದಿನದ ಸ್ಥಿತಿಯನ್ನಲ್ಲ, ಸರ್ಕಾರ ಉತ್ತರ ಸಲ್ಲಿಸುವ ದಿನದ ಸ್ಥಿತಿಯನ್ನು. 1953ರ ರಾಮನಾರಾಯಣ ಸಿಂಗ್ ಪ್ರಕರಣದಲ್ಲಿ ಆ ಹೊತ್ತಿಗೆ ಊರ್ಜಿತವಾದ ರಿಮಾಂಡ್ ಆದೇಶವೇ ಇರಲಿಲ್ಲವಾದ್ದರಿಂದ ಸುಪ್ರೀಂ ಕೋರ್ಟ್ ಬಂಧಿತರನ್ನು ಬಿಡುಗಡೆ ಮಾಡಿತು. ಅದೇ ತತ್ವ ತಿರುಗಿ ನಮಗೇ ಪೆಟ್ಟು ಕೊಡುವುದೂ ಉಂಟು: ಮೊದಲ ಎರಡು ದಿನ ಅಕ್ರಮವಾಗಿ ಇಟ್ಟುಕೊಂಡಿದ್ದರೂ, ಆಮೇಲೆ ಸರಿಯಾದ ರಿಮಾಂಡ್ ಆಗಿದ್ದರೆ ಹಳೆಯ ತಪ್ಪನ್ನು ಹಿಡಿದು ಬಿಡುಗಡೆ ಕೇಳುವುದು ಕಷ್ಟ.

ಇದು ನನ್ನ ಅನುಭವಕ್ಕೇ ಬಂದಿದೆ. ಕೆಲವು ವರ್ಷಗಳ ಹಿಂದೆ ತೋಟದ ಕಾರ್ಮಿಕರೊಬ್ಬರನ್ನು ಶುಕ್ರವಾರ ಸಂಜೆ ಠಾಣೆಗೆ ಕರೆದೊಯ್ದವರು ಭಾನುವಾರವಾದರೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿರಲಿಲ್ಲ. ಅವರ ಹೆಂಡತಿ ನಮ್ಮ ಮನೆಗೇ ಬಂದರು. ರಾತ್ರಿಯಿಡೀ ಕೂತು ಅರ್ಜಿ ಬರೆದು, ಸೋಮವಾರ ಬೆಳಗಿನ ಜಾವದ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ನಾನು ಹೈಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಇಲ್ಲಿ ಅವರನ್ನು ಹಾಜರುಪಡಿಸಿ ರಿಮಾಂಡ್ ಮಾಡಿಸಿಯಾಗಿತ್ತು. ಆಮೇಲೆ ಕೈಗೆ ಬಂದ ಬಂಧನದ ಮೆಮೊದಲ್ಲಿ ಒಕ್ಕಣೆಯೆಲ್ಲ ನೀಲಿ ಶಾಯಿಯಲ್ಲಿತ್ತು, ದಿನಾಂಕ ಮತ್ತು ವೇಳೆ ಮಾತ್ರ ಕಪ್ಪು ಶಾಯಿಯಲ್ಲಿ, ಶುಕ್ರವಾರದ ಬದಲು ಭಾನುವಾರ ಸಂಜೆ ಎಂದಿತ್ತು, ಆಮೇಲೆ ತುಂಬಿದಂತೆ. ವಿಭಾಗೀಯ ಪೀಠದ ಮುಂದೆ ಸರ್ಕಾರಿ ವಕೀಲರು ರಿಮಾಂಡ್ ಆದೇಶ ತೋರಿಸಿದರು, ಅರ್ಜಿ ಐದು ನಿಮಿಷದಲ್ಲಿ ಮುಕ್ತಾಯವಾಯಿತು. ಆ ಕಪ್ಪು ಶಾಯಿಯ ಮಾತನ್ನು ಎತ್ತಬೇಕಾಗಿದ್ದ ಜಾಗ ಬೆಂಗಳೂರಲ್ಲ, ಹಾಜರುಪಡಿಸಿದ ಗಳಿಗೆಯಲ್ಲಿ ಇಲ್ಲಿನ ಮ್ಯಾಜಿಸ್ಟ್ರೇಟರ ಎದುರು. ಆ ಹೊತ್ತಿಗೆ ಅಲ್ಲಿ ನಾನಿರಲಿಲ್ಲ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ರಿಮಾಂಡ್ ಆದೇಶವೇ ಸಂಪೂರ್ಣ ಕಾನೂನುಬಾಹಿರವಾಗಿದ್ದರೆ, ಆದೇಶ ಮಾಡಿದವರಿಗೆ ಅಧಿಕಾರವ್ಯಾಪ್ತಿ ಇಲ್ಲದಿದ್ದರೆ, ಅಥವಾ ಮನಸ್ಸಿಟ್ಟು ನೋಡದೆ ಸಂಪೂರ್ಣ ಯಾಂತ್ರಿಕವಾಗಿ ಮಾಡಿದ್ದರೆ ಹೇಬಿಯಸ್ ಕಾರ್ಪಸ್ ಸಲ್ಲುತ್ತದೆ ಎಂದು ಗೌತಮ್ ನವಲಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ‘ಯಾಂತ್ರಿಕ’ ಎಂಬ ಮಾತು ಎಲ್ಲ ವಕೀಲರಿಗೂ ಆಸೆ ಹುಟ್ಟಿಸುತ್ತದೆ. ಆದರೆ ಎರಡೇ ಸಾಲಿನ ಆದೇಶವೆಂಬ ಕಾರಣಕ್ಕೆ ಬಿಡುಗಡೆಯಾದೀತೆಂದು ನಂಬಿ ಹಣ ಖರ್ಚು ಮಾಡಬೇಡಿ.

ಅದಕ್ಕಿಂತ ಗಟ್ಟಿಯಾದದ್ದು ಬಂಧನದ ಕಾರಣಗಳ ಪ್ರಶ್ನೆ. ಕಾರಣಗಳನ್ನು ಬಂಧಿತರಿಗೆ ತಿಳಿಸದಿದ್ದರೆ ಸಂವಿಧಾನದ 22(1)ನೇ ವಿಧಿಯ ಉಲ್ಲಂಘನೆಯಾಗಿ ಬಂಧನವೇ ಅಸಿಂಧುವಾಗುತ್ತದೆ ಎಂದು ವಿಹಾನ್ ಕುಮಾರ್ ಪ್ರಕರಣದಲ್ಲಿ 2025ರ ಫೆಬ್ರುವರಿಯಲ್ಲಿ ತೀರ್ಪಾಗಿದೆ. ಅದೇ ವರ್ಷ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಷಾ ಪ್ರಕರಣದಲ್ಲಿ, ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕೆಂದೂ ಹೇಳಲಾಗಿದೆ. ಅಸ್ಸಾಮಿನಿಂದ ಬಂದ ಕಾರ್ಮಿಕರಿಗೆ ಕನ್ನಡದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ನಮ್ಮ ತೋಟದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ನಿಮ್ಮ ತಮ್ಮನಿಗೆ ಅಂಥ ಪತ್ರ ಕೊಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಕೊಟ್ಟಿಲ್ಲವಾದರೆ ಅದನ್ನು ಇಲ್ಲಿನ ನ್ಯಾಯಾಲಯದಲ್ಲೇ ಮೊದಲು ಎತ್ತಬಹುದು.

ಇನ್ನು ಜಾಮೀನು. ಕಣದಿಂದ ಮೂಟೆ ಒಯ್ದ ಬರೀ ಕಳವಿನ ಆರೋಪವಾದರೆ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಮಿನಡಿ ಗರಿಷ್ಠ ಶಿಕ್ಷೆ ಮೂರು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಏಕೆ ಅಗತ್ಯವೆಂದು ಪೊಲೀಸರು ಕಾರಣ ಬರೆದಿಡಬೇಕೆಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಜಾಮೀನು ಅರ್ಜಿಯಲ್ಲಿ ನಾನಾದರೆ ಇದನ್ನೇ ಮುಂದಿಡುತ್ತೇನೆ. ಮೊದಲು ಮ್ಯಾಜಿಸ್ಟ್ರೇಟರಲ್ಲಿ, ಅಲ್ಲಿ ಆಗದಿದ್ದರೆ ಸೆಷನ್ಸ್ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. ರಾತ್ರಿ ಗೋದಾಮಿನ ಬೀಗ ಮುರಿದ ಆರೋಪವೂ ಸೇರಿದ್ದರೆ ಶಿಕ್ಷೆಯ ಮಿತಿ ಬಹಳ ಏರುತ್ತದೆ, ಆದ್ದರಿಂದ ಎಫ್‌ಐಆರ್‌ನ ಕಲಮುಗಳನ್ನು ನೋಡದೆ ಯಾರ ಮಾತನ್ನೂ, ನನ್ನದನ್ನೂ, ನೆಚ್ಚಬೇಡಿ. ವಕೀಲರ ಖರ್ಚು ಹೊರೆಯಾಗುವುದಾದರೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಲ್ಲೇ ಇದೆ. ಮಡಿಕೇರಿಯ ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ. ಜಾಮೀನುದಾರರ ಪಹಣಿಯನ್ನೂ ಈಗಲೇ ಸಿದ್ಧಪಡಿಸಿ. ಕೊಡಗಿನ ಜಮ್ಮಾ ಜಮೀನಿನ (ಮನೆತನಕ್ಕೆ ಸೇರಿದ ಜಮೀನು) ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹತ್ತಾರು ಮಂದಿಯ ಹೆಸರಿದ್ದರೆ ಅದನ್ನು ಒಪ್ಪಿಸುವುದರಲ್ಲೇ ದಿನ ಕಳೆಯುತ್ತದೆ. ಒಬ್ಬರದೇ ಹೆಸರಿನ ಜಮೀನು ಇರುವವರನ್ನು ಹುಡುಕುವುದು ಒಳ್ಳೆಯದು.

ಇದಾವುದೂ ಆಗದಿದ್ದರೂ ಒಂದು ದಿನಾಂಕ ನಿಮ್ಮ ಪರವಾಗಿದೆ. ಮೂರು ವರ್ಷದ ಶಿಕ್ಷೆಯ ಆರೋಪದಲ್ಲಿ ಅರವತ್ತು ದಿನಗಳೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಕಾನೂನು) 187ನೇ ಕಲಮಿನಡಿ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಮೊದಲ ರಿಮಾಂಡ್ ಆದ ದಿನವನ್ನೂ ಸೇರಿಸಿ ಎಣಿಸಬೇಕು. ಹಕ್ಕು ಬಂತೆಂದು ಸುಮ್ಮನೆ ಕುಳಿತರೆ, ಅಷ್ಟರಲ್ಲಿ ಪೊಲೀಸರು ಪಟ್ಟಿ ಸಲ್ಲಿಸಿದರೆ, ಅದು ಕೈತಪ್ಪುತ್ತದೆಂದು ಸಂಜಯ್ ದತ್ ಪ್ರಕರಣದ 1994ರ ತೀರ್ಪಿನಲ್ಲಿದೆ. ಆದ್ದರಿಂದ ಅರ್ಜಿಯನ್ನು ಮೊದಲೇ ಟೈಪು ಮಾಡಿಸಿಟ್ಟುಕೊಂಡು, ಅರವತ್ತೊಂದನೆಯ ದಿನ ಕಚೇರಿ ತೆರೆಯುತ್ತಲೇ ನ್ಯಾಯಾಲಯದಲ್ಲಿ ಸಲ್ಲಿಸುವಂತೆ ನಿಮ್ಮ ವಕೀಲರಿಗೆ ಇಂದೇ ಹೇಳಿಡಿ.