ರೋಮ್ ಬಿದ್ದಿತೇ, ಬದಲಾಯಿತೇ?

ರೋಮನ್ ಸಾಮ್ರಾಜ್ಯದ ಕೊನೆಗಾಲದ ಬಗ್ಗೆ ಬೆಂಗಳೂರಿನ ನಾಲ್ವರು ಓದುಗರು ಬರೆದ ಪತ್ರಗಳು ಒಂದರ ಹಿಂದೊಂದು ಬಂದಿವೆ. ಅವುಗಳನ್ನು ಒಟ್ಟಿಗೆ ಇಟ್ಟು ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾದವನು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಗಿಬ್ಬನ್ನರ ರೋಮ್ ಇತಿಹಾಸದ ಸಂಪುಟಗಳು ಸಿಕ್ಕವು. ಎರಡು ವರ್ಷದಿಂದ ದಿನವೂ ಬೆಳಿಗ್ಗೆ ಕೆಲವು ಪುಟ ಓದುತ್ತಿದ್ದೇನೆ. ಇತಿಹಾಸದಲ್ಲಿ ಎಂ.ಎ. ಮಾಡುತ್ತಿರುವ ಮೊಮ್ಮಗಳು, ‘ತಾತ, ಅವನತಿ, ಪತನ ಅಂತ ಈಗ ಯಾರೂ ಹೇಳಲ್ಲ, ಪರಿವರ್ತನೆ ಅಂತಾರೆ’ ಎನ್ನುತ್ತಾಳೆ. ನಾನು ಓದಿದ್ದೆಲ್ಲ ವ್ಯರ್ಥವೇ? (ಓದುಗರು, ಬಸವನಗುಡಿ)

ಉತ್ತರ: ಖಂಡಿತ ವ್ಯರ್ಥವಲ್ಲ. ಆದರೆ ತಮ್ಮ ಮೊಮ್ಮಗಳ ಮಾತಿನಲ್ಲಿಯೂ ಹುರುಳಿದೆ. ಅವರ ಮಾತು ಒಂದು ತಲೆಮಾರಿನ ವಿದ್ವಾಂಸರ ಮಾತು. ಆ ತಲೆಮಾರಿನ ನಂತರವೂ ಚರ್ಚೆ ಮುಂದುವರಿದಿದೆ ಎಂಬುದನ್ನು ಮಾತ್ರ ಅದಕ್ಕೆ ಸೇರಿಸಬೇಕು.

ಎಡ್ವರ್ಡ್ ಗಿಬ್ಬನ್ ತಮ್ಮ ಗ್ರಂಥದ ಹುಟ್ಟನ್ನು ತಾವೇ ಹೇಳಿಕೊಂಡಿದ್ದಾರೆ. 1764ರ ಅಕ್ಟೋಬರ್ 15ರಂದು ರೋಮಿನ ಕ್ಯಾಪಿಟಲ್ ಗುಡ್ಡದ ಪಾಳುಗಳ ನಡುವೆ ಕುಳಿತಿದ್ದಾಗ, ಹಿಂದೆ ಜುಪಿಟರ್ ದೇವರ ಗುಡಿಯಿತ್ತೆಂದು ಅವರು ನಂಬಿದ್ದ ಜಾಗದಲ್ಲಿ ಬರಿಗಾಲಿನ ಕ್ರೈಸ್ತ ಸನ್ಯಾಸಿಗಳು ಸಂಜೆಯ ಪ್ರಾರ್ಥನೆ ಹಾಡುತ್ತಿದ್ದುದನ್ನು ಕೇಳಿ, ಈ ನಗರದ ಅವನತಿಯ ಕಥೆಯನ್ನು ಬರೆಯಬೇಕೆಂಬ ಯೋಚನೆ ಮೊದಲು ಮೂಡಿತಂತೆ. ಮೊದಲ ಸಂಪುಟ 1776ರಲ್ಲಿಯೂ ಕೊನೆಯ ಮೂರು ಸಂಪುಟಗಳು 1788ರಲ್ಲಿಯೂ ಹೊರಬಂದವು. ಪಾಳುಬಿದ್ದ ಗುಡಿ ಮತ್ತು ಹಾಡುವ ಸನ್ಯಾಸಿ, ಈ ಎರಡು ಚಿತ್ರಗಳು ಅವರ ಇಡೀ ಬರಹದ ಹಿಂದೆ ನಿಂತಿವೆ. ಹಳೆಯ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ಅವರಷ್ಟು ಶ್ರದ್ಧೆಯಿಂದ ಓದಿದವರು ವಿರಳ. ಆದರೆ ಅವರ ಕೈಗೆ ಸಿಕ್ಕ ಆಕರಗಳಲ್ಲಿ ಬಹುಪಾಲು ಅಕ್ಷರಸ್ಥರು ಬರೆದಿಟ್ಟ ಗ್ರಂಥಗಳೇ ಆಗಿದ್ದವು. ಹಳ್ಳಿಯ ರೈತನ ಮನೆಯಲ್ಲಿ ಯಾವ ಮಡಕೆಯಿತ್ತು ಎಂದು ಕೇಳುವ ಸಾಧನ ಆ ಕಾಲದಲ್ಲಿ ಇರಲಿಲ್ಲ.

ಕ್ರೈಸ್ತಧರ್ಮದ ಹರಡುವಿಕೆಯನ್ನು ಗಿಬ್ಬನ್ ಅವನತಿಯ ಕಾರಣಗಳಲ್ಲಿ ಒಂದೆಂದು ಎಣಿಸಿದರು. ಈ ಜಗಳ ಅವರಿಗಿಂತ ಬಹಳ ಹಳೆಯದು. ಕ್ರಿ.ಶ. 410ರಲ್ಲಿ ಗಾಥ್ ಎಂಬ ಜರ್ಮನ್ ಬುಡಕಟ್ಟಿನ ನಾಯಕ ಅಲಾರಿಕನ ಸೈನ್ಯ ರೋಮ್ ನಗರವನ್ನು ಸೂರೆ ಮಾಡಿದಾಗ, ಹಳೆಯ ದೇವರುಗಳನ್ನು ಬಿಟ್ಟಿದ್ದಕ್ಕೆ ಬಂದ ಫಲವಿದು ಎಂದು ಒಂದು ಕಡೆಯವರು ದೂರಿದರು. ಆ ದೂರಿಗೆ ಉತ್ತರವಾಗಿ ಸಂತ ಅಗಸ್ಟಿನ್ ದೊಡ್ಡ ಗ್ರಂಥವನ್ನೇ ಬರೆದರು. ಈ ವಾದಕ್ಕೆ ತೂಕದ ಉತ್ತರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಎ.ಎಚ್.ಎಂ. ಜೋನ್ಸ್ 1964ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಕಂದಾಯ, ಸೈನಿಕರ ಸಂಬಳ, ಅಧಿಕಾರಿವರ್ಗ, ಜಮೀನಿನ ಒಡೆತನ ಮುಂತಾದವನ್ನು ಕಾನೂನುಗಳ ಮತ್ತು ದಾಖಲೆಗಳ ಆಧಾರದ ಮೇಲೆ ಕಡತ ಪರಿಶೀಲಿಸುವಂತೆ ಪರಿಶೀಲಿಸಿದರು. ಸಾಮ್ರಾಜ್ಯದ ಪೂರ್ವಭಾಗ ಪಶ್ಚಿಮಕ್ಕಿಂತ ಹೆಚ್ಚು ಕ್ರೈಸ್ತವಾಗಿತ್ತು. ತೆರಿಗೆಯ ಹೊರೆ ಮತ್ತು ಅಧಿಕಾರಿಗಳ ಲಂಚಕೋರತನ ಅಲ್ಲಿಯೂ ಇತ್ತು. ಆದರೂ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಾಜಧಾನಿಯಿದ್ದ ಆ ಭಾಗ 1453ರವರೆಗೆ ಬಾಳಿತು, ಪಶ್ಚಿಮದ ಭಾಗ ಐದನೆಯ ಶತಮಾನದಲ್ಲೇ ಅಳಿಯಿತು. ಎರಡೂ ಕಡೆ ಇದ್ದ ರೋಗದಿಂದ ಒಂದೇ ಕಡೆ ಸಾವು ಏಕೆ ಬಂದಿತೆಂಬ ಪ್ರಶ್ನೆಯನ್ನು ದಾಟದೆ ಯಾರೂ ಕಾರಣ ಹೇಳುವಂತಿಲ್ಲ. ಗಡಿಯ ಮೇಲಿನ ಒತ್ತಡ ಪಶ್ಚಿಮದಲ್ಲಿ ಹೆಚ್ಚಾಗಿತ್ತು ಎಂಬುದಕ್ಕೆ ಜೋನ್ಸ್ ಹೆಚ್ಚಿನ ತೂಕ ಕೊಟ್ಟರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಒರೆಗಲ್ಲು ಇನ್ನೊಂದಿಲ್ಲ.

ಈ ನಡುವೆ ಹಲವರು ತಮ್ಮ ಕಾಲದ ನೋವನ್ನು ರೋಮಿನಲ್ಲಿ ಕಂಡರು. ಕ್ರಾಂತಿಯ ನಂತರ 1918ರಲ್ಲಿ ರಷ್ಯಾ ತೊರೆದ ರೊಸ್ಟೊವ್ಟ್‌ಸೆಫ್, ಮೂರನೆಯ ಶತಮಾನದ ಗೊಂದಲವನ್ನು ಹಳ್ಳಿಗಾಡಿನಿಂದ ಬಂದ ಸೈನಿಕರು ಪಟ್ಟಣದ ಸ್ಥಿತಿವಂತರ ಮೇಲೆ ತೀರಿಸಿಕೊಂಡ ಸೇಡೆಂದು 1926ರಲ್ಲಿ ಬರೆದರು. ಬೆಲ್ಜಿಯಂನ ಆನ್ರಿ ಪಿರೆನ್ ಮೊದಲ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ 1937ರಲ್ಲಿ ಪ್ರಕಟವಾದ ಕೃತಿಯಲ್ಲಿ, ಹಳೆಯ ಜಗತ್ತನ್ನು ಮುರಿದದ್ದು ಜರ್ಮನ್ ಬುಡಕಟ್ಟುಗಳಲ್ಲ, ಏಳನೆಯ ಶತಮಾನದ ಅರಬ್ ವಿಜಯಗಳ ನಂತರ ಮೆಡಿಟರೇನಿಯನ್ ಸಮುದ್ರದ ಎರಡು ದಡಗಳು ಬೇರೆಯಾದದ್ದು ಎಂದು ವಾದಿಸಿದರು. ಅವರ ತೀರ್ಮಾನ ಇಂದು ಹಾಗೆಯೇ ನಿಲ್ಲುವುದಿಲ್ಲ. ಆದರೆ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ), ಮಸಾಲೆ ಪದಾರ್ಥ, ಚಿನ್ನ ಇವು ಎಲ್ಲಿಯವರೆಗೆ ಬರುತ್ತಿದ್ದವು, ಯಾವಾಗ ನಿಂತವು ಎಂದು ಕೇಳಿದ ಅವರ ಕ್ರಮ ಉಳಿದುಕೊಂಡಿತು.

ತಮ್ಮ ಮೊಮ್ಮಗಳು ಹೇಳುವ ‘ಪರಿವರ್ತನೆ’ಯ ನೋಟ ಗಟ್ಟಿಯಾದದ್ದು 1971ರಲ್ಲಿ, ಪೀಟರ್ ಬ್ರೌನ್ ಅವರ ಕೃತಿಯಿಂದ. ಸುಮಾರು ಕ್ರಿ.ಶ. 150ರಿಂದ 750ರವರೆಗಿನ ಕಾಲವನ್ನು ಅವರು ಒಂದರ ಮುಪ್ಪು ಎಂದು ನೋಡದೆ ತನ್ನದೇ ಹುರುಪಿದ್ದ ಯುಗವೆಂದು ನೋಡಿದರು. ಸಿರಿಯಾ, ಈಜಿಪ್ಟ್, ಇರಾನ್ ಅವರ ಚಿತ್ರದ ನಡುವೆ ಬಂದವು. ಸಂತರು, ಮಠಗಳು, ಹೊಸ ಭಾಷೆಗಳ ಸಾಹಿತ್ಯ ಇವೆಲ್ಲ ಹೊಸ ಸೃಷ್ಟಿಗಳಾಗಿ ಕಂಡವು. ಉತ್ತರ ಸಿರಿಯಾದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಇಂದಿಗೂ ನಿಂತಿರುವ ಹಳ್ಳಿಗಳನ್ನು, ಅವುಗಳ ಕಲ್ಲಿನ ಮನೆಗಳನ್ನು, ಎಣ್ಣೆಗಾಣಗಳನ್ನು ನೋಡಿದವರಿಗೆ, ನಾಲ್ಕರಿಂದ ಆರನೆಯ ಶತಮಾನದ ಅಲ್ಲಿನ ರೈತರ ಮುಂದೆ ‘ಅವನತಿ’ ಎಂಬ ಮಾತನ್ನಾಡಲು ನಾಲಿಗೆ ಏಳುವುದಿಲ್ಲ.

ಇನ್ನು ಮಡಕೆ ಚೂರುಗಳ ಸಾಕ್ಷಿ. ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ರೋಮ್ ನಗರದಲ್ಲಿ, ಟೈಬರ್ ನದಿಯ ಹಳೆಯ ದಕ್ಕೆಯ ಹತ್ತಿರ, ಮಾಂಟೆ ಟೆಸ್ಟಾಚೊ ಎಂಬ ಗುಡ್ಡವಿದೆ. ಎತ್ತರ ಸುಮಾರು 35 ಮೀಟರ್. ಅದು ದೇವರು ಮಾಡಿದ ಗುಡ್ಡವಲ್ಲ. ಸ್ಪೇನ್ ಮತ್ತು ಉತ್ತರ ಆಫ್ರಿಕಾದಿಂದ ಆಲಿವ್ ಎಣ್ಣೆ ತುಂಬಿಕೊಂಡು ಬಂದ ಮಣ್ಣಿನ ಹರವಿಗಳನ್ನು ಬರಿದು ಮಾಡಿ, ಒಡೆದು, ಒಪ್ಪವಾಗಿ ಪೇರಿಸಿದ ರಾಶಿ. ಸ್ಪೇನಿನ ಒಂದು ಹರವಿಗೆ ಸುಮಾರು 70 ಲೀಟರ್ ಎಣ್ಣೆ. ಖಾಲಿ ಹರವಿಯೇ 30 ಕಿಲೋ ತೂಗುತ್ತಿತ್ತು. ಅಂಥ 5 ಕೋಟಿಗೂ ಹೆಚ್ಚು ಹರವಿಗಳ ಚೂರುಗಳು ಅಲ್ಲಿವೆಯೆಂಬುದು ವಿದ್ವಾಂಸರ ಅಂದಾಜು. ಎಷ್ಟೋ ಚೂರುಗಳ ಮೇಲೆ ಹರವಿಯ ತೂಕ, ಎಣ್ಣೆಯ ತೂಕ, ಸಾಗಿಸಿದ ವರ್ತಕನ ಹೆಸರು ಇವು ಮಸಿಯಲ್ಲಿ ಬರೆದದ್ದು ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೈನ್ರಿಶ್ ಡ್ರೆಸೆಲ್ ಅವುಗಳನ್ನು ಓದಲು ತೊಡಗಿದರು. ನಮ್ಮ ಎ.ಪಿ.ಎಂ.ಸಿ. ಮಂಡಿಯಲ್ಲಿ ಮೂಟೆಯ ಮೇಲೆ ತೂಕ, ಗುರುತು ಬರೆಯುವ ಹಾಗೆಯೇ. ಒಂದು ಸಮುದ್ರದ ಸುತ್ತಲಿನ ಊರುಗಳು ಎಷ್ಟು ಬಿಗಿಯಾಗಿ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಹೆಣಿಗೆ ಬಿಚ್ಚಿದಾಗ ಏನಾಯಿತು? ಬ್ರಯನ್ ವಾರ್ಡ್-ಪರ್ಕಿನ್ಸ್ 2005ರಲ್ಲಿ ಎತ್ತಿದ ಪ್ರಶ್ನೆಯಿದು. ಐದನೆಯ ಶತಮಾನದ ಬ್ರಿಟನ್‌ನಲ್ಲಿ ಹೊಸ ನಾಣ್ಯಗಳು ಬರುವುದು ನಿಂತಿತು. ಕಲ್ಲು, ಇಟ್ಟಿಗೆ, ಹೆಂಚಿನ ಕಟ್ಟಡ ನಿಂತಿತು. ಕುಂಬಾರನ ತಿಗರಿಯೇ ಮರೆಯಾಯಿತು. ಇಟಲಿಯಲ್ಲಿ ರೋಮನ್ನರ ಕಾಲಕ್ಕೆ ದನದ ಕೊಟ್ಟಿಗೆಗೂ ಹೆಂಚು ಹೊದಿಸುತ್ತಿದ್ದರು. ಕೆಲವು ಶತಮಾನಗಳ ನಂತರ ಅನುಕೂಲಸ್ಥರಿಗೂ ಹುಲ್ಲಿನ ಮಾಡೇ ಗತಿಯಾಯಿತು. ಸಾಗರದ ಕಡೆಯ ನಮ್ಮ ಅಜ್ಜಿ, ಮನೆಗೆ ಮಂಗಳೂರು ಹೆಂಚು ಬಂದ ವರ್ಷವನ್ನು ಮದುವೆಯ ವರ್ಷದಂತೆ ನೆನಪಿಟ್ಟುಕೊಂಡಿದ್ದರು. ಪ್ರತಿ ಬೇಸಿಗೆ ಸೋಗೆ ಹೊದಿಸುವ ಕೆಲಸ, ಬೆಂಕಿಯ ಭಯ ಎರಡೂ ಅಂದಿಗೆ ತಪ್ಪಿದವು ಎನ್ನುತ್ತಿದ್ದರು. ಹೆಂಚು ಬೇಕಾದರೆ ಆವಿಗೆ ಬೇಕು, ಸಾಗಿಸುವ ದಾರಿ ಬೇಕು, ಕೊಳ್ಳುವ ಹಣ ಬೇಕು. ಈ ಮೂರೂ ಇಲ್ಲವಾದ ನಾಡಿನ ಜನರಿಗೆ ‘ಇದು ಪರಿವರ್ತನೆ’ ಎಂದು ಸಮಾಧಾನ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಸಿರಿಯಾದ ಆರನೆಯ ಶತಮಾನಕ್ಕೆ ಬ್ರೌನ್ ಅವರ ಮಾತು ಹೊಂದುತ್ತದೆ, ಬ್ರಿಟನ್‌ನ ಐದನೆಯ ಶತಮಾನಕ್ಕೆ ವಾರ್ಡ್-ಪರ್ಕಿನ್ಸರ ಮಾತು. ತಾತ, ಮೊಮ್ಮಗಳು ಇಬ್ಬರೂ ಮೊದಲು ‘ಯಾವ ಸೀಮೆ, ಯಾವ ಶತಮಾನ, ಯಾರ ಮನೆ’ ಎಂದು ಕೇಳಿಕೊಂಡು ಆಮೇಲೆ ವಾದಕ್ಕೆ ಕೂರಬೇಕೆಂದು ನನ್ನ ಕೋರಿಕೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕ್ರಿ.ಶ. 476ರಲ್ಲಿ ರೋಮ್ ಪತನವಾಯಿತೆಂದು ಹೇಳಿಕೊಡುತ್ತೇವೆ. ಅಂದು ನಿಜವಾಗಿ ಏನಾಯಿತು? (ಶಿಕ್ಷಕಿ, ಯಲಹಂಕ)

ಉತ್ತರ: ಅಂದಿನವರಿಗೆ ಎದ್ದು ಕಾಣುವಂಥದ್ದೇನೂ ಆಗಲಿಲ್ಲ. ಇಟಲಿಯ ಸೇನಾನಾಯಕ ಒಡೊಯಾಕರ್, ರೊಮುಲಸ್ ಅಗಸ್ಟುಲಸ್ ಎಂಬ ಹುಡುಗನನ್ನು ಪಟ್ಟದಿಂದ ಇಳಿಸಿ, ಕೊಲ್ಲದೆ, ಜೀವನಾಂಶ ಗೊತ್ತುಮಾಡಿ ದಕ್ಷಿಣಕ್ಕೆ ಕಳುಹಿಸಿದ. ಪಶ್ಚಿಮಕ್ಕೆ ಬೇರೆ ಚಕ್ರವರ್ತಿ ಬೇಡವೆಂದು ರಾಜಲಾಂಛನಗಳು ಕಾನ್‌ಸ್ಟಾಂಟಿನೋಪಲ್‌ನ ಜೀನೊ ಚಕ್ರವರ್ತಿಗೆ ಹೋದವು. ಈ ಹುಡುಗನ ಹಿಂದಿನವನಾದ ಜೂಲಿಯಸ್ ನೆಪೋಸ್ 480ರವರೆಗೂ ಬದುಕಿದ್ದು, ಪೂರ್ವದವರ ಲೆಕ್ಕದಲ್ಲಿ ಅವನೇ ಪಶ್ಚಿಮದ ನ್ಯಾಯವಾದ ಚಕ್ರವರ್ತಿಯಾಗಿದ್ದ. ‘ಪಶ್ಚಿಮದ ಸಾಮ್ರಾಜ್ಯ ಇವನೊಡನೆ ಅಳಿಯಿತು’ ಎಂಬ ಅರ್ಥದ ಮಾತು ಆರನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬರೆಯುತ್ತಿದ್ದ ಮಾರ್ಸೆಲಿನಸ್ ಎಂಬಾತನ ವಾರ್ಷಿಕ ವೃತ್ತಾಂತದಲ್ಲಿ ಕಾಣುತ್ತದೆ. ಇಟಲಿಯ ಇತಿಹಾಸಕಾರ ಅರ್ನಾಲ್ಡೊ ಮೊಮಿಲ್ಯಾನೊ ಇದನ್ನು ಸದ್ದಿಲ್ಲದೆ ನಡೆದ ಪತನವೆಂದು ಕರೆದರು.

ತಮ್ಮ ಮಕ್ಕಳಿಗೆ ಇದನ್ನು ತಿಳಿಸಲು ನಮ್ಮ ಇತಿಹಾಸವೇ ನೆರವಾಗುತ್ತದೆ. 1565ರ ರಕ್ಕಸತಂಗಡಿ ಯುದ್ಧದೊಂದಿಗೆ ವಿಜಯನಗರದ ಪಾಠ ಮುಗಿಯುತ್ತದೆ. ಆದರೆ ಅರವೀಡು ಅರಸರು ಪೆನುಕೊಂಡ, ಚಂದ್ರಗಿರಿಗಳಿಂದ ಹದಿನೇಳನೆಯ ಶತಮಾನದವರೆಗೂ ಆಳಿದರು. ಇಸವಿಯನ್ನು ಬಿಡಬೇಕಿಲ್ಲ, ಅದು ಗುರುತಿನ ಕಲ್ಲು ಎಂದರೆ ಸಾಕು. ಪರಿಣಾಮದ ದೃಷ್ಟಿಯಿಂದ ಒಂದೇ ವರ್ಷವನ್ನು ಆರಿಸೆಂದರೆ ನಾನು 439ನ್ನು ಆರಿಸುವೆ. ಆ ವರ್ಷ ವ್ಯಾಂಡಲರೆಂಬ ಜರ್ಮನ್ ಬುಡಕಟ್ಟಿನವರು ಉತ್ತರ ಆಫ್ರಿಕಾದ ಕಾರ್ಥೇಜ್ ನಗರವನ್ನು ಹಿಡಿದರು. ಪಶ್ಚಿಮದ ಖಜಾನೆಗೆ ಹೆಚ್ಚಿನ ಕಂದಾಯವನ್ನೂ ರೋಮ್ ನಗರಕ್ಕೆ ಧಾನ್ಯ, ಎಣ್ಣೆಯನ್ನೂ ಕೊಡುತ್ತಿದ್ದ ಸೀಮೆ ಕೈತಪ್ಪಿತು. ಕಂದಾಯವಿಲ್ಲದೆ ಸೈನಿಕನಿಗೆ ಸಂಬಳವಿಲ್ಲ, ಸೈನಿಕನಿಲ್ಲದೆ ಉಳಿದ ಸೀಮೆಯ ಕಂದಾಯವೂ ಬರುವುದಿಲ್ಲ. ಪೀಟರ್ ಹೆದರ್ ಮುಂತಾದವರು ಇತ್ತೀಚೆಗೆ ಒತ್ತಿ ಹೇಳಿರುವುದು ಈ ಸುಳಿಯನ್ನೇ.

ಪ್ರಶ್ನೆ: ಪ್ಲೇಗ್ ಮತ್ತು ಹವಾಮಾನದಿಂದಲೇ ರೋಮ್ ನಾಶವಾಯಿತೆಂಬ ಮಾತು ಕೇಳಿದೆ. ನಿಜವೇ? (ಓದುಗರು, ವೈಟ್‌ಫೀಲ್ಡ್)

ಉತ್ತರ: ಇಸವಿಗಳನ್ನು ಜೋಡಿಸಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಸೂರ್ಯ ವರ್ಷವಿಡೀ ಮಂಕಾಗಿದ್ದನೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದದ್ದು 536ರ ಸುಮಾರಿನ ಸಂಗತಿ. ಅದಕ್ಕೆ ಜ್ವಾಲಾಮುಖಿಯ ಧೂಳು ಕಾರಣವೆಂದು ಹಿಮದ ಪದರಗಳ ಅಧ್ಯಯನ ತೋರಿಸಿದೆ. ಪ್ಲೇಗ್ ಈಜಿಪ್ಟಿನಲ್ಲಿ ಕಾಣಿಸಿದ್ದು 541ರಲ್ಲಿ. ಪಶ್ಚಿಮದ ಪಟ್ಟ ಬರಿದಾಗಿ ಅಷ್ಟರಲ್ಲಿ ಆರು ದಶಕ ಕಳೆದಿತ್ತು. ಆದ್ದರಿಂದ ಆ ಪ್ಲೇಗನ್ನು 476ರ ಕಾರಣವೆನ್ನಲಾಗದು. ಪೂರ್ವದ ಸಾಮ್ರಾಜ್ಯ ಮುಂದೆ ಬಳಲಿದ್ದಕ್ಕೆ ಅದರ ಪಾಲೆಷ್ಟು ಎಂಬುದೇ ನಿಜವಾದ ಪ್ರಶ್ನೆ. ಜರ್ಮನಿಯ ಮ್ಯೂನಿಕ್ ಬಳಿಯ ಆಶ್‌ಹೈಮ್‌ನಲ್ಲಿ ಆ ಕಾಲದ ಗೋರಿಗಳ ಹಲ್ಲುಗಳಿಂದ ಪ್ಲೇಗ್ ರೋಗಾಣುವಿನ ಡಿ.ಎನ್.ಎ. ದೊರೆತಿದೆ, ಹೀಗಾಗಿ ರೋಗ ಯಾವುದೆಂಬ ಸಂಶಯ ತೀರಿದೆ. ಸತ್ತವರೆಷ್ಟು ಎಂಬುದು ತೀರಿಲ್ಲ. 2017ರಲ್ಲಿ ಕೈಲ್ ಹಾರ್ಪರ್ ರೋಗ ಮತ್ತು ಹವೆಗೆ ದೊಡ್ಡ ಪಾತ್ರ ಕೊಟ್ಟರು; ಎರಡೇ ವರ್ಷದಲ್ಲಿ ಬೇರೆ ವಿದ್ವಾಂಸರು ಪಪೈರಸ್, ಶಾಸನ, ನಾಣ್ಯ, ಪರಾಗಕಣಗಳ ಲೆಕ್ಕ ಹಿಡಿದು, ಅಷ್ಟು ದೊಡ್ಡ ಕುಸಿತ ಇವುಗಳಲ್ಲಿ ಕಾಣುವುದಿಲ್ಲವೆಂದು ಆಕ್ಷೇಪಿಸಿದರು. ಜರ್ಮನ್ ವಿದ್ವಾಂಸ ಅಲೆಕ್ಸಾಂಡರ್ ಡೆಮಾಂಟ್ 1984ರಲ್ಲಿ, ರೋಮಿನ ಪತನಕ್ಕೆ ಅದುವರೆಗೆ ಹೇಳಲಾದ 210 ಕಾರಣಗಳನ್ನು ಪಟ್ಟಿ ಮಾಡಿದ್ದರು. ಒಂದೇ ಕಾರಣದ ವಿವರಣೆ ಕೇಳಿದಾಗ ನನಗೆ ಆ ಪಟ್ಟಿ ನೆನಪಾಗುತ್ತದೆ.

ಪ್ರಶ್ನೆ: ಇದರಲ್ಲಿ ಕರ್ನಾಟಕದ ಸಾಕ್ಷಿ ಏನಾದರೂ ಇದೆಯೇ? (ವಿದ್ಯಾರ್ಥಿ, ಮಲ್ಲೇಶ್ವರ)

ಉತ್ತರ: ಇದೆ. ತಮ್ಮ ಪಕ್ಕದ ಯಶವಂತಪುರದಲ್ಲಿ 1891ರಲ್ಲಿ ರೋಮಿನ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಅವು ಆಗಸ್ಟಸ್, ಟೈಬೀರಿಯಸ್ ಮುಂತಾದ ಆರಂಭ ಕಾಲದ ಚಕ್ರವರ್ತಿಗಳವು. ಈ ಚರ್ಚೆಗೆ ಹೆಚ್ಚು ಹತ್ತಿರದ್ದು ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿ. ಅಲ್ಲಿ ಐದು ಮತ್ತು ಆರನೆಯ ಶತಮಾನದ ಪೂರ್ವ ರೋಮಿನ ಚಕ್ರವರ್ತಿಗಳ ಮುದ್ರೆಯಿರುವ ಚಿನ್ನದ ನಾಣ್ಯಗಳು ದೊರೆತಿವೆ. ಇಟಲಿಯಲ್ಲಿ ಪಟ್ಟ ಖಾಲಿಯಾಗುತ್ತಿದ್ದ ಕಾಲದ ಆಸುಪಾಸಿನಲ್ಲಿಯೇ ಕಾನ್‌ಸ್ಟಾಂಟಿನೋಪಲ್‌ನ ಟಂಕಸಾಲೆ ಕೆಲಸ ಮಾಡುತ್ತಿತ್ತು, ಅದರ ಚಿನ್ನ ಕದಂಬರ ನಾಡಿನವರೆಗೆ ಸಾಗಿಬರುತ್ತಿತ್ತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಅಂಚಿನ ಬಳಿ ತೂತು ಕೊರೆದಿದ್ದಾರೆ, ದಾರಕ್ಕೆ ಪೋಣಿಸಿ ಕಾಸಿನ ಸರದಂತೆ ಕೊರಳಿಗೆ ಹಾಕಿಕೊಳ್ಳಲು.