ಸೈಕಲ್ ಕೆಟ್ಟು ನಿಂತವರನ್ನ ಏನಂತ ಕೇಳೋದು?

ಪ್ರಶ್ನೆ: ನಾನು ಬಿಜಾಪುರ ಕಡೆಯಾಂವ್ರೀ, ಪುಣೆದಾಗ ಧಾಯರಿಯೊಳಗ ಇರ್ತೀನಿ. ರವಿವಾರ ಮುಂಜಾನೆ ಸ್ಕೂಟರ್ ಮ್ಯಾಲೆ ಖಡಕ್‌ವಾಸಲಾ ಡ್ಯಾಮ್ ದಾಟಿ ಡೊಣಜೆ ಕಡೆ ಹೊಂಟ್ರ ಸಿಂಹಗಡಕ್ಕ ಹೋಗೋ ಸೈಕಲ್‌ನವರು ಯಾರಾದ್ರೂ ಒಬ್ಬರು ಗಾಲಿ ಬಿಚ್ಕೊಂಡು ರಸ್ತೆ ಬದಿಗೆ ಕುಂತಿರ್ತಾರ. ನಿಲ್ಸಿ ಮರಾಠಿಯೊಳಗ "ಮದತ್ ಪಾಹಿಜೇ ಕಾ" (ಸಹಾಯ ಬೇಕೇನು) ಅಂತ ಕೇಳಿದ್ರ ತಲೀ ಎತ್ತದನ "ನಾಹೀ, ಠೀಕ್ ಆಹೇ" (ಬ್ಯಾಡ, ಎಲ್ಲಾ ಸರಿ ಐತಿ) ಅಂತಾರ. ಹೆಣ್ಮಕ್ಕಳು ಒಬ್ರ ಇದ್ರಂತೂ ಕೇಳಾಕ ನನಗ ಸಂಕೋಚ. ರಿಪೇರಿನೂ ಬರೂದಿಲ್ಲ. ಸುಮ್ನ ಮುಂದ ಹೋಗೂದ ಚಲೋ ಏನ್ರೀ?

ಉತ್ತರ: ಕೇಳೋದನ್ನ ಮಾತ್ರ ಬಿಡ್ಬೇಡಿ. ಕೈಯೆಲ್ಲ ಗ್ರೀಸ್ ಆಗಿ ಟೈರ್ ರಿಮ್ಮಿಂದ ಈಚೆಗೇ ಬರ್ತಿಲ್ಲ ಅಂತ ಒದ್ದಾಡ್ತಿರೋವಾಗ ಗುರುತಿಲ್ಲದವರ ಮುಂದೆ ನನ್ನ ಕೈಲಿ ಆಗ್ತಿಲ್ಲ ಅಂತ ಯಾರು ಹೇಳ್ತಾರೆ, ಠೀಕ್ ಆಹೇ ಅಂತ ಬಾಯಿಗೆ ತಾನಾಗೇ ಬಂದ್ಬಿಡುತ್ತೆ. ಅದಕ್ಕೇ ಸಹಾಯ ಬೇಕಾ ಅನ್ನೋ ಬದ್ಲು ಪಂಪ್ ಇದೆಯಾ, ಇನ್ನೊಂದು ಟ್ಯೂಬ್ ಇದೆಯಾ, ಕುಡಿಯೋಕೆ ನೀರಿದೆಯಾ ಅಂತ ಕೇಳಿ ನೋಡಿ. ಇಲ್ಲ ಅನ್ನೋಕೆ ಆಗ ಯಾರಿಗೂ ಮುಜುಗರ ಆಗಲ್ಲ.

ನಿಮಗೆ ರಿಪೇರಿ ಬರಬೇಕಾಗೇ ಇಲ್ಲ, ಸ್ಕೂಟರ್ ಇದೆಯಲ್ಲ. ಅವರು ಸೈಕಲ್ ಹತ್ರಾನೇ ಇರ್ಲಿ, ನೀವು ಚಕ್ರ ತಗೊಂಡು ಪಂಕ್ಚರ್ ಅಂಗಡಿಗೆ ಹೋಗ್ಬನ್ನಿ, ಚಕ್ರ ಕೊಡೋಕೆ ಹಿಂಜರಿದ್ರೆ ಬರೀ ಟ್ಯೂಬ್ ಆದ್ರೂ ಸಾಕು. ಇನ್ನೊಂದು ವಿಷ್ಯ, ರೋಡ್ ಬೈಕ್ ಅನ್ನೋ ತೆಳು ಟೈರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಪ್ರೆಸ್ಟಾ ಅಂತ ಸಪೂರ ವಾಲ್ವ್ ಇರುತ್ತೆ, ಅಂಗಡಿ ಕಂಪ್ರೆಸರ್ ಪೈಪು ಸ್ಕೂಟರ್, ಕಾರಿನ ದಪ್ಪ ವಾಲ್ವಿಗೆ ಮಾಡಿರೋದು, ಇದಕ್ಕೆ ಕೂರೋದೇ ಇಲ್ಲ. ಅಷ್ಟು ದೂರ ಸೈಕಲ್ ತಳ್ಕೊಂಡು ಬಂದು ಗಾಳಿ ಮಷಿನ್ ಎದುರೇ ಪೆಚ್ಚಾಗಿ ನಿಂತವರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸೈಕಲ್ ಅಂಗಡೀಲಿ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತೆ, ಒಂದು ತಗೊಂಡು ಡಿಕ್ಕೀಲಿ ಹಾಕಿಟ್ಟಿರಿ. ವಾಲ್ವಿನ ತುದೀಲಿರೋ ಸಣ್ಣ ನಟ್ ಸಡಿಲಿಸಿ, ಒಂದ್ಸಲ ಒತ್ತಿ ಪುಸ್ ಅನ್ನಿಸಿ, ಆಮೇಲೆ ಅಡಾಪ್ಟರ್ ತಿರುಗಿಸಿ ಗಾಳಿ ಹಾಕಿಸ್ಬೇಕು. ಹೊಸ ಟ್ಯೂಬ್ ಹಾಕೋ ಮುಂಚೆ ಟೈರ್ ಒಳಗಡೆ ಮೆಲ್ಲಗೆ ಬೆರಳಾಡಿಸಿ ನೋಡೋಕೂ ಹೇಳಿ, ಮುಳ್ಳೋ, ಲಾರಿ ಟೈರಿಂದ ಉದುರಿದ ಕೂದಲೆಳೆಯಂಥ ತಂತಿಯೋ ಅಲ್ಲೇ ಉಳಿದಿದ್ರೆ ಸ್ವಲ್ಪ ದೂರಕ್ಕೇ ಮತ್ತೆ ಪಂಕ್ಚರ್.

ಸ್ಕೂಟರ್ ಹಿಡ್ಕೊಳ್ಳಿ ಎಳ್ಕೊಂಡು ಹೋಗ್ತೀನಿ ಅಂತ ಮಾತ್ರ ಯಾವತ್ತೂ ಹೇಳ್ಬೇಡಿ, ರವಿವಾರದ ಆ ಟ್ರಾಫಿಕ್ಕಲ್ಲಿ ಇಬ್ರೂ ಬೀಳ್ತೀರಿ.

ಹೆಣ್ಮಕ್ಕಳು ಒಬ್ರೇ ಇದ್ರೆ ಸ್ವಲ್ಪ ಮುಂದೆ ಹೋಗಿ ನಿಲ್ಸಿ, ಹೆಲ್ಮೆಟ್ ತೆಗೆದು ಮುಖ ಕಾಣೋ ಹಾಗೆ ದೂರದಿಂದಾನೇ ಕೇಳಿ. ಸ್ಕೂಟರ್ ಹತ್ತಿ ಅನ್ನೋದು ಬೇಡ, ಮುಂದಿನ ಅಂಗಡಿಯವನನ್ನ ಕಳಿಸ್ಲಾ ಅನ್ನಿ. ಬೇಡ ಅಂದ್ರೆ ಅಲ್ಲಿಗೇ ಬಿಟ್ಟು ಹೊರಡಿ, ಎರಡನೇ ಸಲ ಕೇಳಿದ್ರೆ ಅವರಿಗೆ ಹೆದರಿಕೆ ಆಗುತ್ತೆ.

ಯಾರಾದ್ರೂ ಬಿದ್ದು ಪೆಟ್ಟು ಮಾಡ್ಕೊಂಡಿದ್ರೆ ಪೊಲೀಸ್ ಕೇಸು ಅಂತ ಹೆದರಿ ದೂರ ನಿಲ್ಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೇ ಮನಸ್ಸಿಂದ ಸಹಾಯಕ್ಕೆ ಬಂದವರ ರಕ್ಷಣೆಗೇ ಇರೋದು. ತಲೆಗೋ ಕುತ್ತಿಗೆಗೋ ಪೆಟ್ಟಾಗಿದ್ರೆ ಎತ್ತಿ ಕೂರಿಸ್ಬೇಡಿ, 108ಕ್ಕೆ ಫೋನ್ ಮಾಡಿ ಹಿಂದಿಂದ ಬರೋ ಗಾಡಿಗಳನ್ನ ಪಕ್ಕಕ್ಕೆ ಕಳಿಸ್ತಾ ನಿಂತಿರಿ, ಸೈಕಲ್ ಯಾವ ಅಂಗಡೀಲಿ ಬಿಟ್ಟಿದೀರಿ ಅಂತ ಅವರ ಮನೆಯವರಿಗೆ ಫೋನಲ್ಲಿ ಹೇಳಿಬಿಡಿ.