ಊರಿನ ವಾಟ್ಸಾಪ್ ಗ್ರೂಪನ್ನು ‘ಅಡ್ಮಿನ್ ಮಾತ್ರ’ ಮಾಡಿದರೆ ಆರೋಗ್ಯದ ಮೆಸೇಜ್ ಜನ ಓದುತ್ತಾರಾ?

ಬೇಡ ಮಾರಾಯ್ರೆ, ಆ ಸೆಟ್ಟಿಂಗ್ ಮುಟ್ಟಲೇಬೇಡಿ. ಗುಡ್ ಮಾರ್ನಿಂಗ್ ಫೋಟೊ, ರಾಜಕೀಯದ ಜಗಳದ ನಡುವೆ ಇಲಾಖೆಯ ಸೂಚನೆ ಕಳೆದುಹೋಗುತ್ತದೆ ಅಂತ ನಿಮ್ಮ ಬೇಜಾರು. ನನ್ನದೂ ಅದೇ ಆಗಿತ್ತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ. 2019ರಲ್ಲಿ ಅರಳಗೋಡಿನ ಸುತ್ತ ಮಂಗನ ಕಾಯಿಲೆಗೆ (ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಜ್ವರ) ಜನ ಸತ್ತ ಮೇಲೆ, ಡಿಸೆಂಬರ್ ಬಂತೆಂದರೆ ನಮಗೆಲ್ಲ ಪುಕಪುಕ. ಊರ ಗ್ರೂಪಿಗೆ ನಾನೇ ಅಡ್ಮಿನ್. ಪಂಚಾಯಿತಿ ಚುನಾವಣೆ ಜಗಳ ವಿಪರೀತವಾದ ಒಂದು ರಾತ್ರಿ ಸಿಟ್ಟಿನಲ್ಲಿ, ಅಡ್ಮಿನ್ ಬಿಟ್ಟು ಬೇರೆಯವರು ಬರೆಯದ ಹಾಗೆ ಗ್ರೂಪಿಗೆ ಬೀಗ ಹಾಕಿದೆ. ಬೆಳಿಗ್ಗೆ ನೋಡಿದರೆ ಗ್ರೂಪು ಗುಡಿಸಿ ಸಾರಿಸಿದ ಅಂಗಳದ ಹಾಗಿತ್ತು. ಉಣುಗಿನ ಪೋಸ್ಟರ್ ಹಾಕಿದೆ. ಕಾಡಿಗೆ ಹೋಗುವ ಮುಂಚೆ ಉಣುಗು ಕಚ್ಚದ ಹಾಗೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಅಂತ ಬರೆದೆ. ಎಲ್ಲರೂ ನೋಡಿದ್ದರು. ನನಗೋ ಭಾರೀ ಖುಷಿ.

ಆಮೇಲೆ ಸೊಪ್ಪಿನ ಬೆಟ್ಟದ ಬುಡದಲ್ಲಿ ಒಂದು ಮುಸಿಯ, ಅಂದರೆ ಕಪ್ಪು ಮುಖದ ಮಂಗ, ಸತ್ತು ಬಿದ್ದಿತ್ತು. ಕಂಡವನು ಪಕ್ಕದ ಕೇರಿಯ ಹುಡುಗ. ಗ್ರೂಪ್ ತೆರೆದಿದ್ದಾನೆ, ಬರೆಯಲು ಜಾಗವೇ ಇಲ್ಲ. ನನಗೆ ಫೋನ್ ಮಾಡಲು ಅವನಿಗೆ ಸಂಕೋಚ. ಗೆಳೆಯನಿಗೆ ಹೇಳಿದ. ಗೆಳೆಯ, ಯಾರಾದರೂ ಹೇಳಿರುತ್ತಾರೆ ಬಿಡು ಅಂದ. ಸುದ್ದಿ ಆಶಾ ಕಾರ್ಯಕರ್ತೆಗೆ ಮುಟ್ಟುವ ಹೊತ್ತಿಗೆ ಹೆಣ ಕೊಳೆತು ನಾರುತ್ತಿತ್ತು. ಅಷ್ಟರಲ್ಲಿ ಹೆಂಗಸರು ಅದೇ ಜಾಗದಿಂದ ಕೊಟ್ಟಿಗೆಗೆ ದರಗು, ಅಂದರೆ ಒಣ ಎಲೆ, ಹೊತ್ತು ತಂದಾಗಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಗ ಸತ್ತ ಮೇಲೆ ಮೈಮೇಲಿದ್ದ ಉಣುಗು ಇಳಿದು ಸುತ್ತ ಹರಡುತ್ತವೆ. ಅಪಾಯ ಇರುವುದೇ ಆ ಜಾಗದಲ್ಲಿ. ಬೇಗ ತಿಳಿದರೆ ಇಲಾಖೆಯವರು ಬಂದು ಔಷಧಿ ಪುಡಿ ಹಾಕುತ್ತಾರೆ, ಜನ ಆ ಕಡೆ ಹೋಗುವುದು ನಿಲ್ಲುತ್ತದೆ. ಅಂದರೆ ಆ ವಾರ ಊರಿಗೆ ಬೇಕಾಗಿದ್ದ ಮೆಸೇಜ್ ನನ್ನ ಹತ್ತಿರ ಇರಲಿಲ್ಲ, ಆ ಹುಡುಗನ ಹತ್ತಿರ ಇತ್ತು. ಸುದ್ದಿ ಇಲಾಖೆಯಿಂದ ನನಗೆ, ನನ್ನಿಂದ ಊರಿಗೆ ಇಳಿಯುತ್ತದೆ ಅಂತ ತಿಳಿದು, ಕೆಳಗಿನಿಂದ ಬರುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ. ನೀವೂ ಈಗ ಅದನ್ನೇ ಮಾಡಲು ಹೊರಟಿದ್ದೀರಿ, ಅಲ್ವಾ?

ದರಗು ತಂದ ಒಬ್ಬ ಅಕ್ಕನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತಲೇ ಬಂತು. ಉಣುಗು ಅಲ್ಲೇ ಕಚ್ಚಿತೋ ಬೇರೆ ಕಡೆಯೋ, ಯಾರಿಗೆ ಗೊತ್ತು? ಅವರು ಬದುಕಿಕೊಂಡರು. ಆದರೆ ಆ ಸಲ ಸುಗ್ಗಿ ಕೆಲಸಕ್ಕೆ ಏಳಲಾಗಲಿಲ್ಲ. ಅವರ ಮಗ ಇವತ್ತಿಗೂ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

ಗುಡ್ ಮಾರ್ನಿಂಗ್ ಬರಲಿ ಬಿಡಿ, ಅದರಿಂದ ಯಾರೂ ಸಾಯುವುದಿಲ್ಲ. ಆಶಾ ಕಾರ್ಯಕರ್ತೆಯನ್ನು ಅಡ್ಮಿನ್ ಮಾಡಿ, ಅವರ ನಂಬರ್ ಪಿನ್ ಮಾಡಿ. ಬಣ್ಣದ ಪೋಸ್ಟರ್ ಸುಮ್ನೆ. ಅವರದೇ ದನಿಯಲ್ಲಿ ಅರ್ಧ ನಿಮಿಷದ ವಾಯ್ಸ್ ಹಾಕಿಸಿ: ಯಾವ ಬೆಟ್ಟ, ಯಾವ ದಿನ, ಏನು ಮಾಡಬೇಕು. ದಿನಾಂಕ ಹೇಳದಿದ್ದರೆ ಮುಂದಿನ ವರ್ಷ ಅದೇ ವಾಯ್ಸ್ ಸುತ್ತಿ ಬಂದು ಎಲ್ಲರನ್ನೂ ಹೆದರಿಸುತ್ತದೆ. ಸತ್ತ ಮಂಗ ಕಂಡರೆ ಮುಟ್ಟದೆ, ದೂರದಿಂದ ಫೋಟೊ ತೆಗೆದು ಜಾಗದ ಹೆಸರು ಬರೆಯಿರಿ ಅಂತ ಹೇಳಿ.

ಇನ್ನೊಂದು. ನಮ್ಮ ಗ್ರೂಪಿನಲ್ಲಿ ಇರುವವರು ಗಂಡಸರೇ ಜಾಸ್ತಿ, ದರಗಿಗೆ ಹೋಗುವವರು ಹೆಂಗಸರು. ಅದಕ್ಕೆ ಈಗ ಸಂಜೆ ಹಾಲಿನ ಡೈರಿ ಹತ್ತಿರ ನಿಂತು ಆ ವಾಯ್ಸನ್ನು ಜೋರಾಗಿ ಕೇಳಿಸುತ್ತೇನೆ.